ಜಾಲದೊಳಗಣ ಮರ

ಕೃಷ್ಣಾ ನದಿಗೆ ನಾರಾಯಣಪುರದ ಬಳಿ ಕಟ್ಟಿರುವ ಬಸವಸಾಗರ ಅಣೆಕಟ್ಟನ್ನು ನಮ್ಮ ಸೀಮೆಯ ವಿದ್ಯಾರ್ಥಿಗಳಲ್ಲಿ ಅನೇಕರು ನೋಡಿರಬಹುದು. ಅಣೆಕಟ್ಟನ್ನು ನೋಡದವರೂ ಅದರ ನೀರನ್ನು ಕಂಡೇ ಇರುತ್ತಾರೆ. ಎಡದಂಡೆಯ ಮುಖ್ಯ ಕಾಲುವೆಯಿಂದ ಶಾಖಾ ಕಾಲುವೆಗಳು, ಶಾಖೆಗಳಿಂದ ವಿತರಣಾ ಕಾಲುವೆಗಳು, ಅವುಗಳಿಂದ ಹೊಲಗಾಲುವೆಗಳು ಕವಲೊಡೆದು ಸುರಪುರ, ಶಹಾಪುರಗಳ ಕರಿಯ ನೆಲಕ್ಕೆ ನೀರನ್ನು ಮುಟ್ಟಿಸುತ್ತವೆ. ಈ ಕಾಲುವೆಗಳ ನಕ್ಷೆಯನ್ನು ಕಾಗದದ ಮೇಲೆ ಬರೆದು ತುಸು ದೂರದಿಂದ ನೋಡಿದರೆ ಅದು ಒಂದು ಮರದಂತೆಯೇ ತೋರುವುದು. ಈ ಮರದಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಪ್ರತಿಯೊಂದು ಕವಲಿಗೂ ನೀರು ಬರುವ ಬಾಯಿ ಒಂದೇ. ನೀರು ಕೊಡುವ ಬಾಯಿಗಳು ಮಾತ್ರ ಹಲವು. ಒಂದು ಸುತ್ತು ಹಾಕಿ ಹೊರಟಲ್ಲಿಗೇ ಮರಳುವ ದಾರಿ ನೀರಿಗೆ ಎಲ್ಲಿಯೂ ಇಲ್ಲ.

ಇದಕ್ಕೆ ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆ. ಹೆಜ್ಜೆಹೆಜ್ಜೆಗೂ ಇಳಿಯುತ್ತಲೇ ಹೋದ ನೀರು ಹೊರಟ ಎತ್ತರಕ್ಕೆ ತಾನಾಗಿ ಹಿಂದಿರುಗಲಾರದು. ನೆಲದ ಇಳಿಜಾರೇ ಇಲ್ಲಿ ಕಾವಲುಗಾರ.

ಇಂದು ನಮ್ಮ ಊರುಗಳಲ್ಲಿ ಇನ್ನೊಂದು ಬಗೆಯ ಕಾಲುವೆಗಳೂ ಬಂದಿವೆ. ಕಾಲೇಜು, ಬ್ಯಾಂಕು, ಆಸ್ಪತ್ರೆ, ತಹಸೀಲ್ದಾರರ ಕಚೇರಿ, ಎಲ್ಲೆಡೆಯೂ ಕಂಪ್ಯೂಟರುಗಳನ್ನು ಕೇಬಲ್ಲುಗಳಿಂದ ಒಂದಕ್ಕೊಂದು ಜೋಡಿಸಿದ್ದಾರೆ. ಈ ಕಾಲುವೆಗಳಲ್ಲಿ ಹರಿಯುವುದು ನೀರಲ್ಲ, ಸುದ್ದಿ. ಸುದ್ದಿಗೆ ಎತ್ತರ ತಗ್ಗುಗಳಿಲ್ಲ. ಅದು ಯಾವ ದಿಕ್ಕಿಗೂ ಹರಿಯಬಲ್ಲುದು. ಆದುದರಿಂದ ಇಲ್ಲಿ ಸುತ್ತುಗಳು ಏರ್ಪಟ್ಟರೆ ತಡೆಯುವವರು ಯಾರು? ಇಳಿಜಾರಿಲ್ಲದ ಕಡೆ ಇಳಿಜಾರನ್ನು ಕೃತಕವಾಗಿ ನಿರ್ಮಿಸಿಕೊಳ್ಳುವ ಒಂದು ಉಪಾಯವನ್ನು ಯಂತ್ರಗಳಿಗೆ ಕಲಿಸಲಾಗಿದೆ. ಅದಕ್ಕೆ ಸ್ಪ್ಯಾನಿಂಗ್ ಟ್ರೀ ಪ್ರೋಟೋಕಾಲ್ ಎಂದು ಹೆಸರು. ಜಾಲದ ಎಲ್ಲ ಕೇಂದ್ರಗಳನ್ನೂ ಮುಟ್ಟುವ, ಆದರೆ ಎಲ್ಲಿಯೂ ಸುತ್ತಿಲ್ಲದ ಮರವನ್ನು ರಚಿಸುವ ನಿಯಮಾವಳಿ ಎಂಬುದು ಅದರ ತಾತ್ಪರ್ಯ. ಆ ಮರವು ರೂಪುಗೊಳ್ಳುವ ಬಗೆಯನ್ನು ಈ ಲೇಖನದಲ್ಲಿ ನೋಡೋಣ.

ಸ್ವಿಚ್ಚಿನ ಕೆಲಸ

ಇಲ್ಲಿ ಸ್ವಿಚ್ಚು ಎಂದರೆ ಗೋಡೆಯ ಮೇಲಿನ ದೀಪದ ಗುಂಡಿಯಲ್ಲ. ಕಂಪ್ಯೂಟರ್ ಕೋಣೆಯ ಮೂಲೆಯಲ್ಲಿ ಸಾಲಾಗಿ ರಂಧ್ರಗಳುಳ್ಳ, ಹಸಿರು ದೀಪಗಳು ಮಿನುಗುವ ಒಂದು ಚಪ್ಪಟೆ ಪೆಟ್ಟಿಗೆಯನ್ನು ವಿದ್ಯಾರ್ಥಿಗಳು ನೋಡಿರುತ್ತಾರೆ. ಅದೇ ಸ್ವಿಚ್ಚು. ಆ ರಂಧ್ರಗಳಿಗೆ ಪೋರ್ಟುಗಳೆಂದು ಹೆಸರು. ಕಂಪ್ಯೂಟರು ಕಳಿಸುವ ಸುದ್ದಿಯು ಫ್ರೇಮು ಎಂಬ ಚಿಕ್ಕ ಚಿಕ್ಕ ಲಕೋಟೆಗಳಾಗಿ ಸ್ವಿಚ್ಚಿಗೆ ಬರುತ್ತದೆ. ಲಕೋಟೆಯ ಮೇಲೆ ಕಳಿಸಿದವರ ವಿಳಾಸವೂ ಸೇರಬೇಕಾದವರ ವಿಳಾಸವೂ ಇರುತ್ತವೆ. ಸ್ವಿಚ್ಚು ಕಳಿಸಿದವರ ವಿಳಾಸವನ್ನು ಓದಿ, ಇವರು ಈ ಪೋರ್ಟಿನ ಕಡೆಗಿದ್ದಾರೆ ಎಂದು ಬರೆದಿಟ್ಟುಕೊಳ್ಳುತ್ತದೆ. ಮುಂದೆ ಅವರಿಗೆ ಬಂದ ಲಕೋಟೆಯನ್ನು ಆ ಪೋರ್ಟಿನಿಂದ ಮಾತ್ರ ಬಿಡುತ್ತದೆ. ಸೇರಬೇಕಾದವರು ಎಲ್ಲಿದ್ದಾರೆಂಬುದು ತಿಳಿಯದಿದ್ದರೆ, ಅಥವಾ ಎಲ್ಲರಿಗೂ ಎಂದು ಲಕೋಟೆಯ ಮೇಲೆ ಬರೆದಿದ್ದರೆ, ಬಂದ ಪೋರ್ಟೊಂದನ್ನು ಬಿಟ್ಟು ಉಳಿದೆಲ್ಲ ಪೋರ್ಟುಗಳಿಂದಲೂ ಅದರ ಪ್ರತಿಗಳನ್ನು ಹೊರಡಿಸುತ್ತದೆ. ಡಂಗುರ ಸಾರುವವನು ಊರ ಎಲ್ಲ ಓಣಿಗಳಲ್ಲಿಯೂ ಸಾರುವಂತೆ ಇದು.

ಡಂಗುರ ನಿಲ್ಲದಿದ್ದರೆ

ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳಲ್ಲಿ ಒಂದೊಂದು ಸ್ವಿಚ್ಚನ್ನಿಟ್ಟು, ಪ್ರತಿ ಎರಡು ಊರುಗಳ ನಡುವೆಯೂ ಒಂದೊಂದು ತಂತಿಯನ್ನು ಎಳೆದಿದ್ದೇವೆಂದು ಭಾವಿಸೋಣ. ವಾಸ್ತವದಲ್ಲಿ ಇಷ್ಟು ದೂರದ ಊರುಗಳನ್ನು ಜೋಡಿಸಲು ಸಾಮಾನ್ಯವಾಗಿ ರೌಟರುಗಳೆಂಬ ಬೇರೆ ಯಂತ್ರಗಳನ್ನು ಬಳಸುತ್ತಾರೆ. ಸ್ವಿಚ್ಚುಗಳ ಮರ ಬೆಳೆಯುವುದು ಒಂದು ಕಟ್ಟಡದೊಳಗೆ ಅಥವಾ ಒಂದು ಆವರಣದೊಳಗೆ. ಆದರೆ ನಾವೆಲ್ಲರೂ ಬಲ್ಲ ಊರುಗಳ ಹೆಸರಿಟ್ಟುಕೊಂಡರೆ ಲೆಕ್ಕವು ಸುಲಭವಾಗಿ ನೆನಪಿನಲ್ಲಿ ಉಳಿಯುವುದು.

ಮೂರು ಊರುಗಳನ್ನು ಜೋಡಿಸಲು ಎರಡು ತಂತಿಗಳೇ ಸಾಕು. ಮೂರನೆಯದೇಕೆ? ರಸ್ತೆ ಅಗೆಯುವಾಗ ಒಂದು ತಂತಿ ತುಂಡಾದೀತು. ಆಗ ಸುದ್ದಿಯು ಇನ್ನೊಂದು ದಾರಿಯಿಂದ ಹೋಗಲಿ ಎಂಬುದೇ ಉದ್ದೇಶ. ಉದ್ದೇಶವೇನೋ ಒಳ್ಳೆಯದು. ಆದರೆ ಈಗ ಸುರಪುರದ ಒಂದು ಕಂಪ್ಯೂಟರು ಎಲ್ಲರಿಗೂ ಎಂಬ ಲಕೋಟೆಯನ್ನು ಕಳಿಸಿತೆನ್ನೋಣ. ಸುರಪುರದ ಸ್ವಿಚ್ಚು ಒಂದು ಪ್ರತಿಯನ್ನು ಶಹಾಪುರಕ್ಕೂ ಇನ್ನೊಂದನ್ನು ಯಾದಗಿರಿಗೂ ಕಳಿಸುತ್ತದೆ. ಶಹಾಪುರವು ತನಗೆ ಬಂದುದನ್ನು ಯಾದಗಿರಿಗೆ ದಾಟಿಸುತ್ತದೆ; ಯಾದಗಿರಿ ತನಗೆ ಬಂದುದನ್ನು ಶಹಾಪುರಕ್ಕೆ ದಾಟಿಸುತ್ತದೆ. ಎರಡೂ ಪ್ರತಿಗಳು ಸುರಪುರಕ್ಕೆ ಮರಳಿ ಬರುತ್ತವೆ. ಇದು ತಾನೇ ಕಳಿಸಿದ ಲಕೋಟೆಯೆಂಬುದು ಸುರಪುರದ ಸ್ವಿಚ್ಚಿಗೆ ತಿಳಿಯದು. ಅದು ಮತ್ತೆ ಸಾರುತ್ತದೆ. ಎರಡು ಪ್ರತಿಗಳು, ಒಂದು ಬಲಕ್ಕೆ, ಒಂದು ಎಡಕ್ಕೆ, ಗಾಣದ ಎತ್ತಿನಂತೆ ಕೊನೆಯಿಲ್ಲದೆ ತಿರುಗುತ್ತಿರುತ್ತವೆ. ರೌಟರುಗಳನ್ನು ದಾಟುವ ಸುದ್ದಿಯಲ್ಲಿ ಒಂದು ಆಯುಸ್ಸಂಖ್ಯೆ ಇದ್ದು, ಪ್ರತಿ ರೌಟರಿನಲ್ಲಿಯೂ ಅದು ಒಂದೊಂದಾಗಿ ಇಳಿದು, ಸೊನ್ನೆಯಾದಾಗ ಸುದ್ದಿಯು ನಾಶವಾಗುತ್ತದೆ. ಸ್ವಿಚ್ಚುಗಳ ಫ್ರೇಮಿನಲ್ಲಿ ಅಂಥ ಸಂಖ್ಯೆಯಿಲ್ಲ. ಹುಟ್ಟಿದ ಫ್ರೇಮಿಗೆ ಸಾವಿಲ್ಲ.

ಊರುಗಳು ನಾಲ್ಕಾಗಿ, ಪ್ರತಿಯೊಂದಕ್ಕೂ ಉಳಿದ ಮೂರರೊಡನೆ ನೇರ ತಂತಿಯಿದ್ದರೆ ಸ್ಥಿತಿಯು ಇನ್ನೂ ಭೀಕರ. ಮೊದಲು ಹೊರಡುವುದು 3 ಪ್ರತಿಗಳು. ಪ್ರತಿಯೊಂದು ಪ್ರತಿಯೂ ಮುಂದಿನ ಸ್ವಿಚ್ಚಿನಲ್ಲಿ ಎರಡಾಗುತ್ತದೆ. ಆದುದರಿಂದ 6, 12, 24 ಎಂದು ಬೆಳೆಯುತ್ತಾ, ಇಂಥ 20 ಹೆಜ್ಜೆಗಳ ತರುವಾಯ 31 ಲಕ್ಷದ 45 ಸಾವಿರವನ್ನು ಮೀರುತ್ತದೆ. ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ತಂತಿಯು ಅತ್ಯಂತ ಚಿಕ್ಕ ಫ್ರೇಮುಗಳನ್ನೇ ಸಾಗಿಸಿದರೂ ಸೆಕೆಂಡಿಗೆ ಸುಮಾರು 14 ಲಕ್ಷ 88 ಸಾವಿರವನ್ನು ಮಾತ್ರ ಸಾಗಿಸಬಲ್ಲುದು. ಹೀಗೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಜಾಲವೆಲ್ಲ ನಿರರ್ಥಕ ಪ್ರತಿಗಳಿಂದ ತುಂಬಿ, ನಿಜವಾದ ಸುದ್ದಿಗೆ ಎಡೆಯಿಲ್ಲದಂತಾಗುತ್ತದೆ.

ಇಂಥದೊಂದು ಪ್ರಸಂಗವನ್ನು ನಾವೇ ಕಂಡಿದ್ದೇವೆ. ಒಂದು ಕಾಲೇಜಿನಲ್ಲಿ ಪರೀಕ್ಷೆಯ ಅರ್ಜಿಗಳನ್ನು ತುಂಬುವ ದಿನ ಕಂಪ್ಯೂಟರ್ ಕೋಣೆಯನ್ನು ಗುಡಿಸಿ ಒಪ್ಪಮಾಡಿದ ಪುಣ್ಯಾತ್ಮರು, ನೆಲದ ಮೇಲೆ ಬಿದ್ದಿದ್ದ ಕೇಬಲ್ಲಿನ ತುದಿಯೊಂದನ್ನು ಸ್ವಿಚ್ಚಿನ ಖಾಲಿ ಪೋರ್ಟಿಗೆ ಸಿಕ್ಕಿಸಿಬಿಟ್ಟರು. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿಯೇ ಇತ್ತು. ಸ್ವಿಚ್ಚಿನ ದೀಪಗಳೆಲ್ಲ ಒಂದೇ ಸಮನೆ ಮಿನುಗತೊಡಗಿದವು, ಕಂಪ್ಯೂಟರುಗಳೆಲ್ಲ ಸ್ತಬ್ಧವಾದವು. ಕಾರಣವು ಗೊತ್ತಾಗುವಷ್ಟರಲ್ಲಿ ಎರಡು ಗಂಟೆಗಳು ಕಳೆದಿದ್ದವು. ಅದು ಅಗ್ಗದ ಸ್ವಿಚ್ಚು. ನಾವೀಗ ಹೇಳಲಿರುವ ವಿದ್ಯೆ ಅದಕ್ಕೆ ತಿಳಿದಿರಲಿಲ್ಲ.

ಉಪಾಯದ ಹುಟ್ಟು

ಈ ವಿದ್ಯೆಯನ್ನು 1985ರಲ್ಲಿ ರೂಪಿಸಿದವರು ರೇಡಿಯಾ ಪರ್ಲ್ಮನ್ ಎಂಬ ಅಮೆರಿಕನ್ ಮಹಿಳೆ. ಆಗ ಅವರು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪೆನಿಯಲ್ಲಿದ್ದರು. ಸುತ್ತುಗಳಿದ್ದರೂ ಕೆಡದಂಥ ಜಾಲವನ್ನು ಯೋಚಿಸಬೇಕೆಂದು ಹೇಳಿ ಮೇಲಧಿಕಾರಿಯು ರಜೆಯ ಮೇಲೆ ಹೋದರಂತೆ. ಅವರು ಹಿಂದಿರುಗುವ ಮೊದಲೇ ಉತ್ತರ ಸಿದ್ಧವಾಗಿತ್ತು. ಉಳಿದ ಬಿಡುವಿನಲ್ಲಿ ಪರ್ಲ್ಮನ್ನರು ತಮ್ಮ ಮರವನ್ನು ಕುರಿತು ಒಂದು ಚಿಕ್ಕ ಪದ್ಯವನ್ನೂ ಬರೆದು, ಅದನ್ನು ಸಂಶೋಧನ ಪ್ರಬಂಧದ ಆರಂಭದಲ್ಲಿಯೇ ಅಚ್ಚುಹಾಕಿಸಿದರು. 1990ರಲ್ಲಿ ಈ ನಿಯಮಾವಳಿಯು 802.1ಡಿ ಎಂಬ ಹೆಸರಿನ ಅಂತರರಾಷ್ಟ್ರೀಯ ಮಾನಕದಲ್ಲಿ ಸೇರಿತು.

ಉಪಾಯದ ಸೊಗಸು ಎಲ್ಲಿದೆಯೆಂದರೆ, ಇಡೀ ಜಾಲದ ನಕ್ಷೆಯು ಯಾವ ಸ್ವಿಚ್ಚಿನ ಬಳಿಯಲ್ಲಿಯೂ ಇರುವುದಿಲ್ಲ. ಪ್ರತಿಯೊಂದು ಸ್ವಿಚ್ಚೂ ತನ್ನ ನೆರೆಯ ಸ್ವಿಚ್ಚುಗಳ ಮಾತನ್ನಷ್ಟೇ ಕೇಳುತ್ತದೆ, ಎರಡು ಮಾತುಗಳನ್ನು ಹೋಲಿಸುತ್ತದೆ, ಉತ್ತಮವಾದುದನ್ನು ಇಟ್ಟುಕೊಳ್ಳುತ್ತದೆ. ಇಷ್ಟರಿಂದಲೇ ಮರವು ತಾನಾಗಿ ಮೂಡುತ್ತದೆ.

ನಾಲ್ಕು ಸಂಖ್ಯೆಗಳ ಸಂದೇಶ

ಸ್ವಿಚ್ಚುಗಳು ಎರಡು ಸೆಕೆಂಡಿಗೊಮ್ಮೆ ಪರಸ್ಪರ ಕಳಿಸುವ ಸಂದೇಶದಲ್ಲಿ ಮುಖ್ಯವಾಗಿ ನಾಲ್ಕು ಸಂಗತಿಗಳಿರುತ್ತವೆ. ಒಂದನೆಯದು, ನಾನು ಮೂಲವೆಂದು ನಂಬಿರುವ ಸ್ವಿಚ್ಚಿನ ಗುರುತು. ಎರಡನೆಯದು, ಆ ಮೂಲಕ್ಕೆ ನನ್ನಿಂದ ಇರುವ ದೂರ. ಮೂರನೆಯದು, ನನ್ನ ಗುರುತು. ನಾಲ್ಕನೆಯದು, ಈ ಸಂದೇಶವು ಹೊರಟ ನನ್ನ ಪೋರ್ಟಿನ ಸಂಖ್ಯೆ. ಎರಡು ಸಂದೇಶಗಳಲ್ಲಿ ಯಾವುದು ಮೇಲೆಂಬುದನ್ನು ನಿಘಂಟಿನಲ್ಲಿ ಶಬ್ದಗಳನ್ನು ಜೋಡಿಸುವ ಕ್ರಮದಲ್ಲಿಯೇ ತೀರ್ಮಾನಿಸುತ್ತಾರೆ. ಮೊದಲ ಸಂಖ್ಯೆ ಚಿಕ್ಕದಾದುದೇ ಮೇಲು. ಮೊದಲನೆಯವು ಸಮನಾದರೆ ಎರಡನೆಯದನ್ನು ನೋಡಬೇಕು. ಅವೂ ಸಮನಾದರೆ ಮೂರನೆಯದು, ಕೊನೆಗೆ ನಾಲ್ಕನೆಯದು. ಎಲ್ಲೆಡೆಯೂ ಚಿಕ್ಕ ಸಂಖ್ಯೆಗೇ ಗೆಲವು ಎಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಸ್ವಿಚ್ಚಿನ ಗುರುತಿನಲ್ಲಿ ಎರಡು ಭಾಗಗಳಿವೆ. ಮೊದಲ ಭಾಗವು ಆದ್ಯತೆಯ ಸಂಖ್ಯೆ. ಇದನ್ನು ಮನುಷ್ಯರು ಬದಲಾಯಿಸಬಹುದು, 0ರಿಂದ 61440ರ ವರೆಗೆ 4096ರ ಗುಣಕಗಳಲ್ಲಿ. ಬದಲಾಯಿಸದಿದ್ದರೆ ಅದು 32768 ಆಗಿರುತ್ತದೆ. ಎರಡನೆಯ ಭಾಗವು ಕಾರ್ಖಾನೆಯಲ್ಲಿಯೇ ಸ್ವಿಚ್ಚಿಗೆ ಕೊಟ್ಟ 48 ಬಿಟ್ಟುಗಳ ವಿಳಾಸ. ಅದು ಎರಡು ಸ್ವಿಚ್ಚುಗಳಿಗೆ ಒಂದೇ ಆಗಿರುವುದಿಲ್ಲ. ಹಾಗಾಗಿ ಈ ಸ್ಪರ್ಧೆಯಲ್ಲಿ ಎಂದಿಗೂ ಸಮಸಮ ಎಂಬುದಿಲ್ಲ.

ಆರಂಭದಲ್ಲಿ ಪ್ರತಿಯೊಂದು ಸ್ವಿಚ್ಚೂ ತಾನೇ ಮೂಲವೆಂದು ಸಾರುತ್ತದೆ. ತನಗಿಂತ ಚಿಕ್ಕ ಗುರುತುಳ್ಳ ಮೂಲದ ಸುದ್ದಿ ಕಿವಿಗೆ ಬಿದ್ದೊಡನೆ ತನ್ನ ಹಕ್ಕನ್ನು ಬಿಟ್ಟುಕೊಟ್ಟು, ಆ ಸುದ್ದಿಯನ್ನೇ ಮುಂದಕ್ಕೆ ಸಾರುತ್ತದೆ. ಹೀಗೆ ಅತಿ ಚಿಕ್ಕ ಗುರುತಿನ ಸ್ವಿಚ್ಚೊಂದೇ ಮೂಲವಾಗಿ ಉಳಿಯುತ್ತದೆ.

ಮೂರು ಊರುಗಳ ಲೆಕ್ಕ

ನಮ್ಮ ಉದಾಹರಣೆಗೆ ಮರಳೋಣ. ವಿಳಾಸಗಳನ್ನು ಸುಲಭಕ್ಕಾಗಿ ಸುರಪುರಕ್ಕೆ 10, ಶಹಾಪುರಕ್ಕೆ 20, ಯಾದಗಿರಿಗೆ 30 ಎಂದಿಟ್ಟುಕೊಳ್ಳೋಣ. ಆದ್ಯತೆಯನ್ನು ಯಾರೂ ಮುಟ್ಟದಿದ್ದರೆ ಸುರಪುರವೇ ಮೂಲವಾಗುವುದು. ಆದರೆ 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯು ಅಸ್ತಿತ್ವಕ್ಕೆ ಬಂದಾಗಿನಿಂದ ಯಾದಗಿರಿಯೇ ಜಿಲ್ಲಾ ಕೇಂದ್ರ. ನಮ್ಮ ಜಾಲದ ಸುದ್ದಿಯು ಹೊರ ಜಗತ್ತಿಗೆ ಹೋಗುವುದೂ ಅಲ್ಲಿಂದಲೇ ಎಂದುಕೊಳ್ಳೋಣ. ಆದುದರಿಂದ ನಾವು ಯಾದಗಿರಿಯ ಆದ್ಯತೆಯನ್ನು 4096ಕ್ಕೆ ಇಳಿಸುತ್ತೇವೆ. ಈಗ ಯಾದಗಿರಿ ಮೂಲವಾಯಿತು.

ಇನ್ನು ದೂರ. ಇದು ಮೈಲಿಗಳ ದೂರವಲ್ಲ. ತಂತಿಯ ವೇಗದಿಂದ ಗೊತ್ತುಮಾಡಿದ ವೆಚ್ಚ. ವೇಗ ಹೆಚ್ಚಿದಷ್ಟೂ ವೆಚ್ಚ ಕಡಿಮೆ. ರೂಢಿಯಲ್ಲಿದ್ದ ಹಳೆಯ ಪಟ್ಟಿಯಂತೆ ಸೆಕೆಂಡಿಗೆ 10 ಮೆಗಾಬಿಟ್ಟಿನ ತಂತಿಗೆ 100, 100 ಮೆಗಾಬಿಟ್ಟಿಗೆ 19, ಒಂದು ಗಿಗಾಬಿಟ್ಟಿಗೆ 4, ಹತ್ತು ಗಿಗಾಬಿಟ್ಟಿಗೆ 2. ಹೊಸ ಪಟ್ಟಿಯಲ್ಲಿ ಸಂಖ್ಯೆಗಳು ದೊಡ್ಡವು. 100 ಮೆಗಾಬಿಟ್ಟಿಗೆ 2,00,000, ಒಂದು ಗಿಗಾಬಿಟ್ಟಿಗೆ 20,000. ಲೆಕ್ಕದ ವಿಧಾನ ಒಂದೇ ಆದುದರಿಂದ ಚಿಕ್ಕ ಸಂಖ್ಯೆಗಳನ್ನೇ ಹಿಡಿಯೋಣ. ಯಾದಗಿರಿ–ಶಹಾಪುರ ತಂತಿಯೂ ಶಹಾಪುರ–ಸುರಪುರ ತಂತಿಯೂ ಗಿಗಾಬಿಟ್ಟಿನವು, ಅಂದರೆ ವೆಚ್ಚ 4. ಯಾದಗಿರಿ–ಸುರಪುರದ ನೇರ ತಂತಿಯು 100 ಮೆಗಾಬಿಟ್ಟಿನದು, ವೆಚ್ಚ 19.

ಮೊದಲ ಪ್ರಶ್ನೆ: ಮೂಲವಲ್ಲದ ಪ್ರತಿಯೊಂದು ಸ್ವಿಚ್ಚಿಗೂ ಮೂಲದ ಕಡೆಗಿನ ಬಾಯಿ ಯಾವುದು? ಕಾಲುವೆಗೆ ನೀರು ಬರುವ ಬಾಯಿ ಒಂದೇ ಇರುವಂತೆ ಸ್ವಿಚ್ಚಿಗೂ ಇದು ಒಂದೇ. ಇದಕ್ಕೆ ರೂಟ್ ಪೋರ್ಟ್ ಎಂದು ಹೆಸರು; ನಾವು ಮೂಲಮುಖ ಪೋರ್ಟು ಎನ್ನೋಣ. ಶಹಾಪುರಕ್ಕೆ ನೇರ ದಾರಿಯ ವೆಚ್ಚ 4, ಸುರಪುರವನ್ನು ಬಳಸಿಕೊಂಡು ಹೋದರೆ 23. ಆದುದರಿಂದ ಯಾದಗಿರಿಯ ಕಡೆಗಿನ ಪೋರ್ಟೇ ಅದರ ಮೂಲಮುಖ. ಸುರಪುರಕ್ಕೆ ನೇರ ದಾರಿಯ ವೆಚ್ಚ 19. ಶಹಾಪುರದ ಮೇಲಿಂದ ಹೋದರೆ 4ಕ್ಕೆ 4 ಕೂಡಿ 8. ಹೀಗೆ ಸುರಪುರವು ನೇರ ದಾರಿಯನ್ನು ಬಿಟ್ಟು ಶಹಾಪುರದ ಕಡೆಗಿನ ಪೋರ್ಟನ್ನು ಆರಿಸಿಕೊಳ್ಳುತ್ತದೆ. ಕಣ್ಣಿಗೆ ಹತ್ತಿರವೆಂದು ತೋರಿದುದು ಲೆಕ್ಕದಲ್ಲಿ ದೂರವಾಯಿತು.

ಎರಡನೆಯ ಪ್ರಶ್ನೆ: ಪ್ರತಿಯೊಂದು ತಂತಿಯ ಎರಡು ತುದಿಗಳಲ್ಲಿ ಮೂಲದ ಸುದ್ದಿಯನ್ನು ಆ ತಂತಿಗೆ ಒದಗಿಸುವ ಹೊಣೆ ಯಾವ ತುದಿಯದು? ಹೊಣೆ ಹೊತ್ತ ಪೋರ್ಟಿಗೆ ಡೆಸಿಗ್ನೇಟೆಡ್ ಪೋರ್ಟ್ ಎನ್ನುತ್ತಾರೆ. ನಾವು ನಿಯುಕ್ತ ಪೋರ್ಟು ಎನ್ನೋಣ. ಮೂಲಕ್ಕೆ ಹತ್ತಿರವಾದ ಸ್ವಿಚ್ಚಿನ ತುದಿಯೇ ನಿಯುಕ್ತ. ಯಾದಗಿರಿಗೆ ಮೂಲದ ದೂರ 0 ಆದುದರಿಂದ ಅದರ ಎರಡು ಪೋರ್ಟುಗಳೂ ನಿಯುಕ್ತವಾದವು. ಶಹಾಪುರ–ಸುರಪುರ ತಂತಿಯಲ್ಲಿ ಶಹಾಪುರದ ದೂರ 4, ಸುರಪುರದ ದೂರ 8; ಆದುದರಿಂದ ಶಹಾಪುರದ ತುದಿ ನಿಯುಕ್ತ.

ಈಗ ಯಾವ ಹೆಸರೂ ದೊರೆಯದೆ ಉಳಿದುದು ಒಂದೇ ಪೋರ್ಟು: ಸುರಪುರದಲ್ಲಿ ಯಾದಗಿರಿಯ ಕಡೆಗಿರುವುದು. ಅದು ಮೂಲಮುಖವೂ ಅಲ್ಲ, ನಿಯುಕ್ತವೂ ಅಲ್ಲ. ಅದನ್ನು ಮುಚ್ಚಲಾಗುತ್ತದೆ. ಅದಕ್ಕೆ ಆಲ್ಟರ್ನೇಟ್ ಪೋರ್ಟ್, ಅಂದರೆ ಬದಲಿ ಪೋರ್ಟು ಎಂದು ಹೆಸರು. ತಂತಿಯನ್ನು ಯಾರೂ ಕೀಳಲಿಲ್ಲ. ಗೇಟನ್ನು ಇಳಿಸಿದರು, ಅಷ್ಟೆ. ಮುಚ್ಚಿದ ಪೋರ್ಟು ಸಾಮಾನ್ಯ ಫ್ರೇಮುಗಳನ್ನು ಒಳಗೂ ಬಿಡದು, ಹೊರಗೂ ಬಿಡದು. ನೆರೆಯ ಸ್ವಿಚ್ಚಿನ ಸಂದೇಶವನ್ನು ಮಾತ್ರ ಸದಾ ಕೇಳುತ್ತಿರುತ್ತದೆ.

ಕಾಲುವೆಯ ಹೋಲಿಕೆಗೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನೀರು ಮೂಲದಿಂದ ಕೆಳಗೆ ಮಾತ್ರ ಹರಿಯುವುದು. ಸುದ್ದಿಯು ತೆರೆದ ಪೋರ್ಟುಗಳಲ್ಲಿ ಎರಡೂ ದಿಕ್ಕಿಗೆ ಹರಿಯುವುದು. ಮೂಲಮುಖ, ನಿಯುಕ್ತ ಎಂಬ ಭೇದವು ಮರದ ಆಕಾರಕ್ಕೆ ಸಂಬಂಧಿಸಿದ್ದೇ ಹೊರತು ಸುದ್ದಿಯ ದಿಕ್ಕಿಗಲ್ಲ.

ಸಮನಾದಾಗ

ಮೂರು ತಂತಿಗಳೂ ಗಿಗಾಬಿಟ್ಟಿನವೇ ಆಗಿದ್ದರೆ? ಆಗ ಶಹಾಪುರ, ಸುರಪುರ ಎರಡಕ್ಕೂ ನೇರ ದಾರಿಯೇ ಮೂಲಮುಖ. ಎರಡರ ದೂರವೂ 4. ಅವುಗಳ ನಡುವಣ ತಂತಿಯಲ್ಲಿ ನಿಯುಕ್ತ ಯಾವುದು? ದೂರವು ಸಮನಾದುದರಿಂದ ಸ್ವಿಚ್ಚಿನ ಗುರುತನ್ನು ನೋಡಬೇಕು. ಆದ್ಯತೆ ಎರಡಕ್ಕೂ 32768. ವಿಳಾಸಗಳಲ್ಲಿ 10 ಚಿಕ್ಕದು. ಆದುದರಿಂದ ಸುರಪುರದ ತುದಿ ನಿಯುಕ್ತವಾಗಿ, ಶಹಾಪುರದ ತುದಿ ಮುಚ್ಚುತ್ತದೆ.

ಯಾದಗಿರಿಗೂ ಶಹಾಪುರಕ್ಕೂ ನಡುವೆ ಒಂದೇ ವೇಗದ ಎರಡು ತಂತಿಗಳಿದ್ದರೆ ಶಹಾಪುರಕ್ಕೆ ಬರುವ ಎರಡು ಸಂದೇಶಗಳಲ್ಲಿ ಮೂಲವೂ ಒಂದೇ, ದೂರವೂ ಒಂದೇ, ಕಳಿಸಿದ ಸ್ವಿಚ್ಚೂ ಒಂದೇ. ಆಗ ನಾಲ್ಕನೆಯ ಸಂಖ್ಯೆಯು ನ್ಯಾಯ ಹೇಳುತ್ತದೆ. ಇಲ್ಲಿ ವಿದ್ಯಾರ್ಥಿಗಳು ಹಲವು ವೇಳೆ ತಪ್ಪುತ್ತಾರೆ. ಮೊದಲು ನೋಡಬೇಕಾದುದು ಶಹಾಪುರದ ಪೋರ್ಟಿನ ಸಂಖ್ಯೆಯನ್ನಲ್ಲ. ಸಂದೇಶದಲ್ಲಿರುವ, ಯಾದಗಿರಿಯ ಪೋರ್ಟಿನ ಸಂಖ್ಯೆಯನ್ನು. ಯಾದಗಿರಿಯ 1ನೆಯ ಪೋರ್ಟಿನಿಂದ ಹೊರಟ ತಂತಿಯು ಶಹಾಪುರದ 7ನೆಯ ಪೋರ್ಟಿಗೂ, 2ನೆಯ ಪೋರ್ಟಿನದು ಶಹಾಪುರದ 3ನೆಯ ಪೋರ್ಟಿಗೂ ಬಂದಿದ್ದರೆ, ಶಹಾಪುರದ ಮೂಲಮುಖವು 7ನೆಯದೇ.

ಇನ್ನು, ಆ ಕಾಲೇಜಿನ ಕೇಬಲ್ಲು. ಅಲ್ಲಿ ಈ ವಿದ್ಯೆಯನ್ನು ಬಲ್ಲ ಸ್ವಿಚ್ಚಿದ್ದಿದ್ದರೆ ತಾನೇ ಕಳಿಸಿದ ಸಂದೇಶವು ತನ್ನ ಇನ್ನೊಂದು ಪೋರ್ಟಿಗೆ ಬಂದುದನ್ನು ಗುರುತಿಸುತ್ತಿತ್ತು. ಒಂದೇ ಸ್ವಿಚ್ಚಿನ ಎರಡು ಪೋರ್ಟುಗಳು ಒಂದೇ ತಂತಿಗೆ ಸೇರಿದಾಗ ಚಿಕ್ಕ ಸಂಖ್ಯೆಯದು ನಿಯುಕ್ತವಾಗಿ ಉಳಿದು, ಇನ್ನೊಂದು ಬ್ಯಾಕಪ್ ಅಥವಾ ಮೀಸಲು ಪೋರ್ಟು ಎಂಬ ಹೆಸರಿನಿಂದ ಮುಚ್ಚಿಕೊಳ್ಳುತ್ತದೆ. ಅರ್ಜಿ ತುಂಬುವ ಕೆಲಸವು ನಿಲ್ಲುತ್ತಿರಲಿಲ್ಲ.

ಸುತ್ತು ಉಳಿಯದೆಂಬುದಕ್ಕೆ ಸಾಧನೆ

ಜಾಲವು ಎಷ್ಟೇ ಗೋಜಲಾಗಿದ್ದರೂ ಈ ನಿಯಮಗಳಿಂದ ಸುತ್ತುಗಳೆಲ್ಲ ಕಡಿಯುತ್ತವೆ ಎನ್ನಲು ಆಧಾರವೇನು? ಸಾಧನೆಯು ಚಿಕ್ಕದು. ಯಾವುದಾದರೊಂದು ಸುತ್ತನ್ನು ತೆಗೆದುಕೊಳ್ಳಿರಿ. ಅದರಲ್ಲಿರುವ ಸ್ವಿಚ್ಚುಗಳಲ್ಲಿ ಮೂಲದಿಂದ ಅತಿ ದೂರವಾದುದನ್ನು ಗುರುತಿಸಿರಿ. ದೂರವು ಸಮನಾಗಿದ್ದರೆ ದೊಡ್ಡ ಗುರುತಿನದನ್ನು ಆರಿಸಿರಿ. ಸುತ್ತಿನಲ್ಲಿ ಅದಕ್ಕೆ ಎರಡು ತಂತಿಗಳಿವೆ. ಎರಡರಲ್ಲಿಯೂ ಎದುರಿನ ಸ್ವಿಚ್ಚು ಇದಕ್ಕಿಂತ ಮೇಲಾದುದು. ಆದುದರಿಂದ ನಿಯುಕ್ತ ತುದಿಗಳು ಎದುರಿನವೇ. ಉಳಿದ ಎರಡು ಪೋರ್ಟುಗಳಲ್ಲಿ ಮೂಲಮುಖವಾಗಲು ಒಂದಕ್ಕೆ ಮಾತ್ರ ಅವಕಾಶ. ಇನ್ನೊಂದು ಮುಚ್ಚಲೇಬೇಕು. ಸುತ್ತು ಕಡಿಯಿತು.

ಯಾವ ಸ್ವಿಚ್ಚೂ ಒಂಟಿಯಾಗಿ ಉಳಿಯುವುದಿಲ್ಲ ಎಂಬುದೂ ಹೀಗೆಯೇ ಸಿದ್ಧವಾಗುತ್ತದೆ. ಪ್ರತಿಯೊಂದಕ್ಕೂ ಒಂದು ಮೂಲಮುಖವುಂಟು. ಅದರ ಎದುರಿನ ತುದಿ ಮೂಲಕ್ಕೆ ಹತ್ತಿರವಾದುದರಿಂದ ನಿಯುಕ್ತವಾಗಿ ತೆರೆದೇ ಇರುತ್ತದೆ. ಮೂಲಮುಖಗಳನ್ನೇ ಹಿಡಿದು ನಡೆದರೆ ಹೆಜ್ಜೆಹೆಜ್ಜೆಗೂ ದೂರವು ಇಳಿಯುತ್ತಾ ಕೊನೆಗೆ ಸೊನ್ನೆಯನ್ನು, ಅಂದರೆ ಮೂಲವನ್ನು ಮುಟ್ಟುತ್ತೇವೆ. ನಾವು ಮೊದಲಿಗೆ ಹೇಳಿದ ಕೃತಕ ಇಳಿಜಾರು ಇದೇ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇಲ್ಲಿ ಹಳೆಯ ಪರಿಚಯವೊಂದು ದೊರೆಯುತ್ತದೆ. ವಿದ್ಯುನ್ಮಂಡಲಗಳ ನಿಯಮಗಳಿಂದ ನಮಗೆಲ್ಲ ಪರಿಚಿತನಾದ ಕಿರ್ಖಾಫನು 1847ರಲ್ಲಿಯೇ ತಂತಿಗಳ ಜಾಲದಲ್ಲಿ ಎಷ್ಟು ಸ್ವತಂತ್ರ ಸುತ್ತುಗಳಿವೆಯೆಂಬುದನ್ನು ಲೆಕ್ಕ ಹಾಕಿದ್ದನು. ತಂತಿಗಳ ಸಂಖ್ಯೆಯಿಂದ ಕೇಂದ್ರಗಳ ಸಂಖ್ಯೆಯನ್ನು ಕಳೆದು ಒಂದನ್ನು ಕೂಡಿಸಿದರೆ ಅದು ಬರುತ್ತದೆ. ಮುಚ್ಚಬೇಕಾದ ತಂತಿಗಳ ಸಂಖ್ಯೆಯೂ ಅದೇ. ಮೂರು ಊರು, ಮೂರು ತಂತಿ: 3ರಿಂದ 3 ಕಳೆದು 1 ಕೂಡಿಸಿದರೆ 1. ನಾಲ್ಕು ಊರು, ಆರು ತಂತಿ: 3.

ಮೌನದ ಅರ್ಥ

ಶಹಾಪುರ–ಸುರಪುರ ತಂತಿಯು ಒಂದು ದಿನ ತುಂಡಾಯಿತೆನ್ನೋಣ. ಸುರಪುರವು ತನ್ನ ಬದಲಿ ಪೋರ್ಟನ್ನು ಮೂಲಮುಖವಾಗಿ ಮಾಡಿಕೊಳ್ಳುತ್ತದೆ. ದೂರವು 8ರಿಂದ 19ಕ್ಕೆ ಏರಿದರೂ ಸುದ್ದಿ ನಿಲ್ಲದು. ಹಳೆಯ ನಿಯಮಾವಳಿಯಲ್ಲಿ ಪೋರ್ಟು ಒಮ್ಮೆಲೇ ತೆರೆಯುತ್ತಿರಲಿಲ್ಲ. 15 ಸೆಕೆಂಡು ಕೇಳುವುದು, 15 ಸೆಕೆಂಡು ವಿಳಾಸಗಳನ್ನು ಕಲಿಯುವುದು, ಆ ಮೇಲೆ ತೆರೆಯುವುದು. ದೂರದ ತಂತಿ ಕಡಿದಾಗ ಹಳೆಯ ಸಂದೇಶವು ಮುಪ್ಪಾಗಲೆಂದು ಇನ್ನೂ 20 ಸೆಕೆಂಡು ಕಾಯಬೇಕಾಗಿದ್ದು, ಒಟ್ಟು 50 ಸೆಕೆಂಡುಗಳೂ ಹಿಡಿಯುತ್ತಿದ್ದವು. 2001ರಲ್ಲಿ ಬಂದ 802.1ಡಬ್ಲ್ಯು ಎಂಬ ಕ್ಷಿಪ್ರ ನಿಯಮಾವಳಿಯಲ್ಲಿ ನೆರೆಹೊರೆಯ ಸ್ವಿಚ್ಚುಗಳು ಪರಸ್ಪರ ಒಪ್ಪಿಗೆ ಪಡೆದು ಕೆಲವೇ ಸೆಕೆಂಡುಗಳಲ್ಲಿ, ಅನೇಕ ವೇಳೆ ಒಂದು ಸೆಕೆಂಡಿಗಿಂತಲೂ ಬೇಗನೆ, ಹೊಸ ಮರವನ್ನು ಕಟ್ಟಿಕೊಳ್ಳುತ್ತವೆ. ಮುಚ್ಚಿದ ಪೋರ್ಟುಗಳಿಗೆ ಬದಲಿ, ಮೀಸಲು ಎಂಬ ಬೇರೆ ಬೇರೆ ಹೆಸರುಗಳು ಬಂದುದೂ ಈ ಕ್ಷಿಪ್ರ ನಿಯಮಾವಳಿಯಲ್ಲಿಯೇ.

ಆದರೆ ಈ ವಿದ್ಯೆಯಲ್ಲಿ ಒಂದು ದುರ್ಬಲ ಸ್ಥಾನವುಂಟು. ಮುಚ್ಚಿದ ಪೋರ್ಟು ಮುಚ್ಚಿಯೇ ಇರುವುದು ಎದುರಿನಿಂದ ಮೇಲಾದ ಸಂದೇಶಗಳು ಬರುತ್ತಿರುವ ತನಕ ಮಾತ್ರ. ಸಂದೇಶಗಳು ನಿಂತರೆ ಎದುರಿನ ಸ್ವಿಚ್ಚು ಸತ್ತಿತೆಂದು ಭಾವಿಸಿ ಅದು ತೆರೆದುಕೊಳ್ಳುತ್ತದೆ. ಎದುರಿನದು ಸತ್ತಿರದೆ, ಸುದ್ದಿಯ ಗದ್ದಲದಲ್ಲಿ ಅದರ ಸಂದೇಶ ಮಾತ್ರ ಕಳೆದುಹೋಗಿದ್ದರೆ? ಆಗ ತೆರೆಯಬಾರದ ಗೇಟು ತೆರೆದು, ಸುತ್ತು ಏರ್ಪಟ್ಟು, ಗದ್ದಲವು ಇಮ್ಮಡಿಸುತ್ತದೆ. ರಕ್ಷಣೆಯ ಯಂತ್ರವೇ ಅಪಾಯಕ್ಕೆ ದಾರಿಯಾಗುತ್ತದೆ.

ಇದು ಕೇವಲ ಕಲ್ಪನೆಯಲ್ಲ. ಅಮೆರಿಕದ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಎಂಬ ದೊಡ್ಡ ಆಸ್ಪತ್ರೆಯಲ್ಲಿ 2002ರ ನವೆಂಬರ್ 13ರಂದು ಜಾಲವು ಕುಸಿದು ಬಿತ್ತು. ವರ್ಷವರ್ಷವೂ ಸ್ವಿಚ್ಚಿಗೆ ಸ್ವಿಚ್ಚನ್ನು ಜೋಡಿಸುತ್ತ ಹೋದುದರಿಂದ ಅಲ್ಲಿಯ ಮರವು ಬಹಳ ಉದ್ದವಾಗಿ ಬೆಳೆದಿತ್ತು. ಒಂದು ತುದಿಯಿಂದ ಇನ್ನೊಂದು ತುದಿಗೆ ಏಳಕ್ಕಿಂತ ಹೆಚ್ಚು ಸ್ವಿಚ್ಚುಗಳಿರಬಾರದೆಂಬ ಶಿಫಾರಸು ಮೀರಿಹೋಗಿತ್ತು. ಒಂದು ಸಂಶೋಧನ ಕಾರ್ಯದಿಂದ ಹೊರಟ ಮಾಹಿತಿಯ ದೊಡ್ಡ ಪ್ರವಾಹವು ಬಂದಾಗ ಮರವು ತನ್ನನ್ನು ಹಿಡಿದುಕೊಳ್ಳಲಾರದೆ ಹೋಯಿತು. ಸುಮಾರು ನಾಲ್ಕು ದಿನಗಳ ಕಾಲ ವೈದ್ಯರೂ ದಾದಿಯರೂ ಕಂಪ್ಯೂಟರನ್ನು ಬಿಟ್ಟು ಕಾಗದ ಲೇಖನಿಗಳಿಂದ ರೋಗಿಗಳ ಕೆಲಸವನ್ನು ನಡೆಸಬೇಕಾಯಿತು. ಆಸ್ಪತ್ರೆಯವರು ಈ ಸಂಗತಿಯನ್ನು ಮುಚ್ಚಿಡದೆ ಬಹಿರಂಗಪಡಿಸಿದುದರಿಂದ ಉಳಿದವರಿಗೂ ಪಾಠವಾಯಿತು.

ಪಾಠಗಳು ಎರಡು. ಮರವು ತಾನಾಗಿ ಬೆಳೆಯುವುದೆಂದು ಅದನ್ನು ಬೆಳೆದಂತೆ ಬಿಡಬಾರದು. ಉದ್ದವನ್ನು ಮಿತಿಯಲ್ಲಿಡಬೇಕು, ದೊಡ್ಡ ಜಾಲವನ್ನು ರೌಟರುಗಳಿಂದ ಭಾಗಮಾಡಬೇಕು. ಎರಡನೆಯದು, ಮೂಲವನ್ನು ಯಂತ್ರದ ಆಯ್ಕೆಗೆ ಬಿಡದೆ ಮನುಷ್ಯರೇ ಗೊತ್ತುಮಾಡಬೇಕು. ಆದ್ಯತೆಯನ್ನು ಯಾರೂ ನಿಗದಿಮಾಡದ ಜಾಲದಲ್ಲಿ ಚಿಕ್ಕ ವಿಳಾಸದ, ಪ್ರಾಯಶಃ ಎಲ್ಲಕ್ಕಿಂತ ಹಳೆಯದೂ ನಿಧಾನವೂ ಆದ ಸ್ವಿಚ್ಚು ಯಾವುದೋ ಮೂಲೆಯಲ್ಲಿ ಕುಳಿತು ಮೂಲವಾಗಿಬಿಡಬಹುದು. ಹಾಗಾದರೆ ಊರಿನ ಸುದ್ದಿಯೆಲ್ಲ ಆ ಮೂಲೆಯನ್ನು ಸುತ್ತಿಕೊಂಡೇ ಹೋಗಬೇಕಾಗುವುದು.

ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ. ನಮ್ಮ ಮೂರು ಊರುಗಳ ಮೊದಲ ಲೆಕ್ಕಕ್ಕೆ ಹುಣಸಗಿಯನ್ನೂ ಸೇರಿಸಿರಿ. ಅಲ್ಲಿಂದ ಸುರಪುರಕ್ಕೆ ಗಿಗಾಬಿಟ್ಟಿನ ಒಂದು ತಂತಿ, ಶಹಾಪುರಕ್ಕೆ 100 ಮೆಗಾಬಿಟ್ಟಿನ ಇನ್ನೊಂದು ತಂತಿ. ನಾಲ್ಕು ಊರು, ಐದು ತಂತಿಗಳಾದುದರಿಂದ ಕಿರ್ಖಾಫನ ಲೆಕ್ಕದಂತೆ ಎರಡು ಪೋರ್ಟುಗಳು ಮುಚ್ಚಬೇಕು. ಅವು ಯಾವುವು? ಆ ಬಳಿಕ ಯಾದಗಿರಿ–ಶಹಾಪುರ ತಂತಿಯನ್ನು ಅಳಿಸಿ ಲೆಕ್ಕವನ್ನು ಮತ್ತೆ ಮಾಡಿರಿ. ಶಹಾಪುರಕ್ಕೆ ಮೂಲದ ದೂರವು 23 ಎಂದೂ ಅದರ ಮೂಲಮುಖವು ಸುರಪುರದ ಕಡೆಗೆ ತಿರುಗಿತೆಂದೂ ಬಂದರೆ ನಿಮ್ಮ ಉತ್ತರವು ಸರಿ.